ಚೀಟಿ ಬರೆಯುವ ಸ್ಟಾನಿಫೋರ್ತರು

ಆರ್ನಲ್ಡ್ ಸ್ಟಾನಿಫೋರ್ತರು ಯಾವ ವಸ್ತುವನ್ನೂ ನೆಕ್ಕದೆ ಕೊಂಡವರಲ್ಲ. ಶೆಫೀಲ್ಡಿನ ನನ್ನ ಹಳೆಸಾಮಾನಿನ ಅಂಗಡಿಗೆ ಬಂದರೆ ಮೊದಲು ಟೋಪಿ ತೆಗೆಯುವರು, ಆಮೇಲೆ ನಾಲಗೆ. ಊರುಗೋಲಿನ ಕೊಂಬಿನ ತಲೆಯಾಗಲಿ, ಮುರಿದ ಕೊಡೆಯ ಹಿಡಿಯಾಗಲಿ, ಆ ಜಿಹ್ವೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಲೇಬೇಕು. ನೂರು ವರ್ಷದ ಕೊಂಬೆಂದು ನಾನು ಮುಂದಿಟ್ಟದ್ದನ್ನು, "ಪ್ಲಾಸ್ಟಿಕ್ಕು ಕಣಯ್ಯಾ, ನಿನ್ನ ಮಾತಿನ ಹಾಗೇ ನುಣುಪಾಗಿದೆ" ಎಂದು ಹಿಂದಕ್ಕೆ ತಳ್ಳಿದ್ದುಂಟು.

ಅವರದು ಕ್ಷೌರದ ಮಡಿಸುಕತ್ತಿಗಳನ್ನು ಕೈಯಿಂದ ಮಾಡುವ ಕಸುಬು. ಅಲಗು ಹೊಸ ಉಕ್ಕಿನದಾದರೂ ಚಿಂತೆಯಿಲ್ಲ, ಹಿಡಿಯ ಸಾಮಗ್ರಿ ಮಾತ್ರ ತಮಗಿಂತ ಹಿರಿಯದಾಗಿರಬೇಕೆಂಬುದು ವ್ರತ. "ಗಂಟಲ ಹತ್ರ ಬರೋ ವಸ್ತು, ಅದನ್ನ ಹಿಡಿಯೋರು ಸ್ವಲ್ಪ ಹಿರಿಯರಿರಲಿ" ಎನ್ನುವರು. ತಮ್ಮ ಕಂದು ಕೋಟಿನ ಕೊಂಬಿನ ಗುಂಡಿಗಳನ್ನೂ ಕತ್ತಿಗಳಿಗೆ ಅರ್ಪಿಸಿ, ಕೋಟಿಗೆ ಹುರಿಯ ಸೊಂಟಪಟ್ಟಿ ಕಟ್ಟಿಕೊಂಡವರು. ಎಡಜೇಬಿನಲ್ಲಿ ಸದಾ ಭಾರವಾದದ್ದೇನೋ ಇರುವುದರಿಂದ ಬೀದಿಯಲ್ಲಿ ಒಂದು ಪಕ್ಕಕ್ಕೆ ವಾಲಿಯೇ ನಡೆಯುವರು.

ವ್ಯಾಪಾರಕ್ಕೆ ಮಾರಕವಾದ ಇನ್ನೊಂದು ಅಭ್ಯಾಸವೂ ಇತ್ತು. ಪ್ರತಿ ಕತ್ತಿಯೊಡನೆ ಅದರ ಹಿಡಿಯ ವಂಶಾವಳಿಯನ್ನು ಚೀಟಿಯಲ್ಲಿ ಬರೆದಿಡುತ್ತಿದ್ದರು, ಒಂದಕ್ಷರವೂ ಮುಚ್ಚಿಡದೆ. ಒಮ್ಮೆ "ಪಬ್ಬಿನ ಕಕ್ಕಸಿನ ಬಾಗಿಲು" ಎಂದು ಬರೆದು ಒಬ್ಬ ಘನ ವಕೀಲರನ್ನೇ ಕಳೆದುಕೊಂಡರು.

ಇಂಥವರ ಬಳಿಗೆ ಮೇವಿಸ್ ಕ್ರುಕ್ಸ್ ಎಂಬ ವೃದ್ಧೆ ತೀರಿಹೋದ ಗಂಡ ಸಿರಿಲರ ಮರದ ಚೆಂಡನ್ನು ತಂದರು. ಹುಲ್ಲಿನ ಮೇಲೆ ಉರುಳಿಸುವ ಆಟದಲ್ಲಿ ಅದೇ ಚೆಂಡಿನಿಂದ ಸಿರಿಲ್ ಹನ್ನೊಂದು ಬಹುಮಾನದ ಕಪ್ಪುಗಳನ್ನು ಗೆದ್ದಿದ್ದರು. ಅದರದೇ ಹಿಡಿಯ ಕತ್ತಿಯೊಂದು ಆ ಆಟದ ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿರಬೇಕು, ವಾರ್ಷಿಕ ಔತಣದಲ್ಲಿ ಅಧ್ಯಕ್ಷರು ಚೀಟಿಯನ್ನು ಗಟ್ಟಿಯಾಗಿ ಓದಬೇಕು ಎಂಬುದು ಆಕೆಯ ಆಸೆ.

ಗರಗಸ ಚೆಂಡಿನೊಳಕ್ಕಿಳಿದಾಗ ನಾನು ಅವರ ಕೆಲಸದ ಕೋಣೆಯಲ್ಲೇ ಚಹಾ ಕುಡಿಯುತ್ತಿದ್ದೆ. ಮರದ ನಡುವೆ ಬೂದುಬಣ್ಣದ ಸೀಸದ ಗುಳಿಗೆಯೊಂದು ಹೊಳೆಯಿತು. ಚೆಂಡಿಗೆ ಸೀಸ ತುಂಬುವುದೆಂದರೆ ಆ ಆಟದಲ್ಲಿ ಶುದ್ಧ ಮೋಸ.

"ಬರೀ ಮರ ಅಂತ ಬರೆದುಬಿಡಿ. ಸುಳ್ಳೇನಲ್ಲವಲ್ಲ," ಎಂದೆ.

"ಅರ್ಧ ನಿಜ ನಿನ್ನ ಅಂಗಡೀಲಿ ನಡೆಯುತ್ತೆ ಮಾರಾಯ. ಆದ್ರೆ ಪೂರ್ತಿ ಬರೆದ್ರೆ ಸತ್ತವನ ಮರ್ಯಾದೆ ಹೋಗುತ್ತೆ!"

ನಾಲ್ಕು ದಿನ ಅವರು ಏನನ್ನೂ ನೆಕ್ಕಲಿಲ್ಲ. ಐದನೆಯ ದಿನ ದಾರಿ ಹೊಳೆಯಿತು. ಇಂಥ ಕತ್ತಿಯ ಹಿಡಿಯ ಎರಡು ಹೋಳುಗಳ ನಡುವೆ, ಬುಡದಲ್ಲಿ, ಸೀಸದ ಪುಟ್ಟ ಬೆಣೆಯಿಡುವುದು ಕಸುಬಿನ ಹಳೆಯ ಪದ್ಧತಿ. ಅದೇ ಸೀಸವನ್ನು ಕರಗಿಸಿ ಬೆಣೆ ಮಾಡಿ, ಚೀಟಿ ಬರೆದರು: "ಮರ, ಸಿರಿಲ್ ಕ್ರುಕ್ಸರ ಚೆಂಡಿನದು. ಸೀಸ, ಅದೇ ಚೆಂಡಿನದು." ಸುಳ್ಳೂ ಇಲ್ಲ; ಕತ್ತಿಯ ಚೀಟಿಯಲ್ಲಿ ಸೀಸವೆಂದು ಕಂಡರೆ ಯಾರೂ ಹುಬ್ಬೇರಿಸುವುದೂ ಇಲ್ಲ ಎಂಬುದು ಅವರ ಲೆಕ್ಕ.

ಔತಣದಲ್ಲಿ ಅಧ್ಯಕ್ಷರು ಅದನ್ನು ಗಂಭೀರವಾಗಿ ಓದಿದರು. ಸ್ಟಾನಿಫೋರ್ತರು ಬೆವರಿದರು. ಸಭೆ ಚಪ್ಪಾಳೆ ತಟ್ಟಿ ಮಾಂಸದ ಕಡುಬಿಗೆ ಮರಳಿತು. ಮೇವಿಸ್ ಮಾತ್ರ ಅವರ ತೋಳು ಜಗ್ಗಿದರು.

"ಅಷ್ಟು ಆಳದಲ್ಲಿ ಇಟ್ಟಿದ್ದೆನಲ್ಲೋ ಆರ್ನಲ್ಡ್, ಅದೂ ಸಿಕ್ತಾ?"

"ನೀವಾ ಅಕ್ಕಾ!"

"ಮತ್ತಿನ್ಯಾರು? ಸೋತು ಬಂದ್ರೆ ಮೂರು ದಿನ ಊಟ ಬಿಡೋರು. ಪಾಪ, ಸಾಯೋವರೆಗೂ ತಮ್ಮ ಕೈಗುಣ ಅಂತ್ಲೇ ನಂಬಿದ್ರು."

ನಾನು ನಗು ತಡೆಯಲಾರದೆ ಕೆಮ್ಮಿದೆ. ಸ್ಟಾನಿಫೋರ್ತರ ಮುಖದಲ್ಲಿ ಬೇರೆಯೇ ಆತಂಕ.

"ಅದಿರಲಿ ಅಕ್ಕಾ, ಆ ಸೀಸ ಎಷ್ಟು ಹಳೇದು?"

"ನಮ್ಮಜ್ಜಿ ಮನೆ ಕಿಟಕೀದು, ಗಾಜು ಹಿಡಿದಿಟ್ಟಿದ್ದ ಸೀಸದ ಪಟ್ಟಿ."

"ಹಾಗಾದ್ರೆ ನನಗಿಂತ ಹಿರಿಯದೇ!" ಎಂದು ಅವರು ನಿಟ್ಟುಸಿರಿಟ್ಟು, ಪೆನ್ಸಿಲಿನ ತುದಿ ನೆಕ್ಕಿ, ಚೀಟಿಗೆ "ಮೂಲತಃ ಕಿಟಕಿ" ಎಂದು ಸೇರಿಸಿದರು. ಅಂದಿನಿಂದ ಚೀಟಿ ಗಾಜಿನ ಹಿಂದೆ, ಎಲ್ಲರ ಕಣ್ಣೆದುರೇ ಇದೆ.

ನನ್ನಂಥವರು ವಸ್ತುವಿನ ದೋಷವನ್ನು ಮುಚ್ಚಿಡುವುದರಲ್ಲೇ ಆಯುಷ್ಯ ಸವೆಸುತ್ತೇವೆ; ಸ್ಟಾನಿಫೋರ್ತರಂಥವರು ಇದ್ದದ್ದನ್ನೆಲ್ಲ ಬರೆದು ಗಾಜಿನ ಹಿಂದಿಟ್ಟು ನಿಶ್ಚಿಂತರಾಗಿ ನಿದ್ರಿಸುತ್ತಾರೆ. ಬರೆದದ್ದನ್ನು ಲೋಕ ಓದುವುದಿಲ್ಲವೆಂಬುದೊಂದೇ, ಸತ್ಯವಂತರಿಗೆ ಈ ಲೋಕದಲ್ಲಿರುವ ರಕ್ಷಣೆ.