ಸ್ತೂಪದೊಳಗೆ ಸಿಕ್ಕವನು

ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ, ನಮ್ಮ ಹಳ್ಳಿ ಬಾನ್ ಖ್ಲೊಂಗ್ ತಾನಿನ ಇಟ್ಟಿಗೆ ಸ್ತೂಪದ ಒಂದು ಮಗ್ಗುಲು ಕುಸಿದು ಬಿತ್ತು. ಹಳೇ ರಾಜಧಾನಿ ಅಯುತ್ಥಯದ ಪಾಳು ದೇಗುಲಗಳನ್ನು ನೋಡಲು ಬರುವವರು ಕಾಲುವೆ ದಾಟಿ ಇತ್ತ ಬರುವುದು ಅಪರೂಪ. ನನ್ನ ದೊಡ್ಡಮ್ಮ ಲಾಮ್‌ದುವನ್ ಮಾತ್ರ ಆ ಸ್ತೂಪದ ಎದುರಿಗೇ ನೂಡಲ್ಸ್ ಅಂಗಡಿ ಇಟ್ಟುಕೊಂಡು ಮುದುಕಿಯಾಗಿದ್ದಳು. ಗಂಡ ಥೊಂಗ್‌ಖಾಮ್ ಬ್ಯಾಂಕಾಕಿನವಳೊಬ್ಬಳ ಜೊತೆ ಓಡಿಹೋದನೆಂದು ನಾನು ಹುಟ್ಟುವ ಮೊದಲಿನಿಂದಲೂ ಬೈಯುತ್ತಿದ್ದಳು. ಅವನು ರೈಲು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದವನು ಗಂಡನ ಗೆಳೆಯ ಸಮಾನ್. ಅವನು ದಿನವೂ ಅವಳಲ್ಲೇ ಊಟ ಮಾಡುತ್ತಿದ್ದ.

ಕುಸಿದಲ್ಲಿ ಎಲುಬುಗಳು ಕಂಡವು. ಪ್ರಾಚ್ಯವಸ್ತು ಇಲಾಖೆಯ ಹುಡುಗಿ ಬಂದು, "ರಾಜರ ಕಾಲದ್ದಿರಬೇಕು, ಯಾರೂ ಮುಟ್ಬೇಡಿ" ಎಂದಳು. ಕುಂಚದಿಂದ ಮಣ್ಣು ಸರಿಸುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

"ಇದೇನಿದು? ತೊಡೆ ಎಲುಬಿನಲ್ಲಿ ಸ್ಟೀಲ್ ಸರಳು!"

ದೊಡ್ಡಮ್ಮ ನನ್ನ ತೋಳನ್ನು ಹಿಡಿದುಕೊಂಡಳು. ಉಗುರು ನಾಟಿತು.

"ಟ್ರ್ಯಾಕ್ಟರ್ ಮಗುಚಿದಾಗ ಡಾಕ್ಟರು ಹಾಕಿದ್ದು ಕಣೇ. ನನ್ ಗಂಡ ಅವ್ನು."

ಪ್ರತಿ ಹುಣ್ಣಿಮೆ ಅವಳು ಹೂವು ಹಿಡಿದು ಸುತ್ತು ಹಾಕುತ್ತಿದ್ದುದು ಇದೇ ಸ್ತೂಪಕ್ಕೆ. ಹಿಂದೆ ನಿಂತಿದ್ದ ಸಮಾನ್ ಕೆಸರಿನಲ್ಲೇ ಕುಸಿದು ಕೂತ.

"ಅಕ್ಕಾ, ಚಿನ್ನದ ಬುದ್ಧ ಇದೆ ಅಂತ ಇಬ್ರೂ ಸುರಂಗ ತೋಡಿದ್ವಿ. ಅವ್ನು ಒಳಗೆ ಹೋದ, ಇಟ್ಟಿಗೆ ಬಿತ್ತು. ಸಿಕ್ಕಿಬಿದ್ರೆ ಜೈಲು ಅಂತ ಹೆದರಿ ಸುರಂಗದ ಬಾಯಿ ಮುಚ್ಚಿಬಿಟ್ಟೆ."

"ಅವ್ನು ಆಗ್ಲೇ ಸತ್ತಿದ್ನಾ?"

ಸಮಾನ್ ಬೆರಳಿನಿಂದ ಕೆಸರು ಕೆರೆಯತೊಡಗಿದ.

"ಸತ್ತಿದ್ನೇನೋ, ಹೇಳು!"

"ನನ್ನ ಹೆಸ್ರು ಹಿಡಿದು ಕೂಗ್ತಿದ್ದ, ಅಕ್ಕಾ."

ದೊಡ್ಡಮ್ಮ ಅವನನ್ನು ಹೊಡೆಯಲಿಲ್ಲ, ಅಳಲೂ ಇಲ್ಲ. ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಾ ನಿಂತುಬಿಟ್ಟಳು. ಪೊಲೀಸರು ಅವನನ್ನು ಕರೆದುಕೊಂಡು ಹೋದ ಮೇಲೂ ಆ ಕೆಸರನ್ನೇ ನೋಡುತ್ತಿದ್ದಳು.

ಎಲುಬುಗಳು ನಮ್ಮ ಕೈಗೆ ಬರಲು ವಾರಗಳೇ ಹಿಡಿದವು. ಊರ ವಿಹಾರದಲ್ಲಿ ಭಿಕ್ಷುಗಳು ಮಂತ್ರ ಪಠಿಸಿ ದಹನ ಮಾಡಿಸಿದರು. ನೆರೆಯವಳೊಬ್ಬಳು ಸಮಾಧಾನ ಹೇಳಲು ಬಂದು, "ಬುದ್ಧನ್ನ ಕದಿಯೋಕೆ ಹೋದವ್ನಿಗೆ ಇಷ್ಟೆಲ್ಲ ಯಾಕೆ ಮಾಡ್ತೀಯಾ?" ಎಂದಳು.

"ಕಳ್ಳನೇ, ನಾನು ಇಲ್ಲ ಅಂದ್ನಾ?" ದೊಡ್ಡಮ್ಮ ಅವಳತ್ತ ತಿರುಗಿದಳು. "ಆದ್ರೆ ನನ್ನ ಬಿಟ್ಟು ಓಡಿಹೋಗಿರ್ಲಿಲ್ಲ. ಅದನ್ನೂ ಊರಿಗೆಲ್ಲ ಹೇಳ್ಕೊಂಡು ಬಾ, ಹೋಗು."