ಪಕ್ಕದ ಗೋಡೆಯ ಕಿಟಕಿ

ಟ್ರಾಸ್ಕ್ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟಿ, ಕಿವಿ ಆನಿಸಿ ಕೇಳಿದ. ಎರಡು ಗೇಣು ಸರಿದು ಮತ್ತೆ ತಟ್ಟಿದ.

"ಏನಂತೆ ಗೋಡೆ?" ಎಂದ ಜೋಸ್ಲಿನ್, ಚಹಾದ ಕಪ್ಪು ಹಿಡಿದುಕೊಂಡು.

"ಇನ್ನೂ ಬಾಯಿ ಬಿಟ್ಟಿಲ್ಲ ಸ್ವಾಮಿ. ನೀವು ಒಂಚೂರು ಸುಮ್ನಿದ್ರೆ ಬಿಡ್ಬಹುದು."

ಕಸೂತಿಯ ಚೌಕಟ್ಟಿನ ಪಕ್ಕ ಕೂತಿದ್ದ ಅವನ ತಂಗಿ ಮೆರಿನ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅಣ್ಣನನ್ನು ಸುಮ್ಮನಿರಿಸುವ ಗಂಡಸು ಈ ಮನೆಯ ಮೆಟ್ಟಿಲು ಹತ್ತಿ ಬಹಳ ಕಾಲವಾಗಿತ್ತು.

ಬಾತ್ ಎಂಬ ಊರಿನ ಗುಡ್ಡದ ಮೇಲೆ, ಬೆಲ್ಲದ ಬಣ್ಣದ ಕಲ್ಲಿನ ಹನ್ನೊಂದು ಮನೆಗಳ ಸಾಲಿನಲ್ಲಿ ಅದು ಕೊನೆಯದು. ಮೂಲೆಮನೆಯಾದ್ದರಿಂದ ಅದಕ್ಕೆ ಮಾತ್ರ ಪಕ್ಕದ ಗೋಡೆಯೊಂದು ಓಣಿಯ ಕಡೆಗಿತ್ತು. ಆ ಗೋಡೆಯಲ್ಲಿ ಒಂದರ ಮೇಲೊಂದು ನಾಲ್ಕು ಕಿಟಕಿಗಳು. ನಾಲ್ಕರಲ್ಲೂ ಗಾಜಿನ ಜಾಗದಲ್ಲಿ ಕಲ್ಲು. ತೀರಾ ಮೇಲಿನದು ಈ ನಡುಕೋಣೆಯದು. ಹಳೆಯ ಚರ್ಚುಗಳ ಕಸೂತಿ ಬಟ್ಟೆಗಳನ್ನು ರಿಪೇರಿ ಮಾಡುವ ಮೆರಿನ್‌ಳ ಉದ್ದನೆಯ ಚೌಕಟ್ಟಿಗೆ ಬೇರೆಲ್ಲೂ ಜಾಗವಿಲ್ಲವೆಂದು ಅಣ್ಣ ತಂಗಿ ಇಬ್ಬರೂ ಹೇಳುತ್ತಿದ್ದರು. ಇಲ್ಲಿ ಹಗಲಲ್ಲೂ ಬಲ್ಬೇ ಗತಿ. ಅರವತ್ತೆರಡರ ಕಣ್ಣಿಗೆ ಬಲ್ಬಿನ ಕೆಳಗೆ ನೂಲಿನ ಬಣ್ಣ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಕಿಟಕಿ ತೆರೆಯದಿದ್ದರೆ ಈಸ್ಟರ್ ಆದ ಮೇಲೆ ಸೂಜಿ ಕೆಳಗಿಡುವುದೆಂದು ಅವಳು ನಿರ್ಧರಿಸಿಬಿಟ್ಟಿದ್ದಳು.

ನಗರಸಭೆಯ ಪತ್ರ ಸ್ಪಷ್ಟವಾಗಿತ್ತು. ಹಿಂದೆ ನಿಜವಾಗಿ ಕಿಟಕಿಯಿದ್ದು ಆಮೇಲೆ ಮುಚ್ಚಿದ್ದಾದರೆ ತೆರೆಯಬಹುದು. ಇಲ್ಲವಾದರೆ ಹೊರಗಿನ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ. ಇದರಲ್ಲಿ ಅನುಮಾನಪಡುವುದು ಏನಿದೆ? ಒಂದಾನೊಂದು ಕಾಲದಲ್ಲಿ ರಾಜ ಕಿಟಕಿಗಿಷ್ಟೆಂದು ತೆರಿಗೆ ಹಾಕಿದ, ಜನ ಕಿಟಕಿ ಮುಚ್ಚಿಕೊಂಡರು. ಕಲ್ಲು ತುಂಬಿದ ಕಿಟಕಿ ಕಂಡರೆ ಊರಿನ ಮಕ್ಕಳೂ ಇದನ್ನೇ ಹೇಳುತ್ತವೆ. ಜೋಸ್ಲಿನ್ ಅಂತೂ ಪ್ರವಾಸಿ ಬಸ್ಸು ಓಡಿಸಿದ ಇಪ್ಪತ್ತೆಂಟು ವರ್ಷವೂ ಈ ಓಣಿಯ ತಿರುವಿನಲ್ಲಿ ಮೈಕು ಹಿಡಿದು, "ಅಗೋ, ಅದು ನಮ್ಮನೆ. ರಾಜ ಕದ್ದ ಬೆಳಕು!" ಎಂದು ಸಾರಿದವನು.

ಟ್ರಾಸ್ಕ್ ಗಾರೆ ಕೆತ್ತಿದ, ಸಂದಿಗೆ ಉಳಿ ತೂರಿಸಿ ಒಂದು ಕಲ್ಲನ್ನು ಅಲ್ಲಾಡಿಸಿ ಎಳೆದ. ಒಳಗಿಂದ ಬುಸ್ಸೆಂದು ಮಸಿ ಸುರಿಯಿತು.

"ಹೊಗೆಗೂಡು," ಎಂದ ಅವನು, ಹುಬ್ಬಿನ ಮೇಲಿನ ಮಸಿ ಒರೆಸಿಕೊಳ್ಳುತ್ತ. "ಕೆಳಗಿನ ಅಡುಗೆಮನೆ ಒಲೇದು. ಇಲ್ಲಿ ಕಿಟಕಿ ಇರ್ಲೇ ಇಲ್ಲ ಅಕ್ಕಾವ್ರೇ."

"ಅದೆಂಗ್ರೀ ಇರಲ್ಲ?" ಜೋಸ್ಲಿನ್ ರೇಗಿದ. "ಕಿಟಕಿ ಮುಚ್ಚಿದ್ಮೇಲೆ ಹೊಗೆಗೂಡು ಕಟ್ಟಿರ್ತಾರೆ."

"ಬನ್ನಿ, ಓಣೀಲಿ ತೋರಿಸ್ತೀನಿ."

ಮೂವರೂ ಕೆಳಗಿಳಿದರು. ನಾಲ್ಕರಲ್ಲಿ ಕೆಳಗಿನ ಕಿಟಕಿ ಕೈಗೆಟಕುವಷ್ಟು ಎತ್ತರದಲ್ಲಿತ್ತು. ಟ್ರಾಸ್ಕ್ ಬಾಯಿ ತೆರೆಯುವ ಮುಂಚೆ ಮೆರಿನ್ ಕನ್ನಡಕ ಏರಿಸಿ, ಕಿಟಕಿಯ ಅಂಚಿನ ಮೇಲೆ ಬೆರಳಾಡಿಸತೊಡಗಿದ್ದಳು. ಹರಿದ ಬಟ್ಟೆಯಲ್ಲಿ ಹಿಂದಿನವರ ತೇಪೆ ಹುಡುಕುವಾಗ ಅವಳು ಹೀಗೇ ಮಾಡುತ್ತಿದ್ದುದು. ತನ್ನ ಕೆಲಸ ಹೋಗುತ್ತದೆಂಬುದೂ ಆ ಕ್ಷಣ ಅವಳಿಗೆ ಮರೆತುಹೋಗಿತ್ತು; ಹೇಗೆ ಕಟ್ಟಿದರು ಎಂದು ತಿಳಿಯಬೇಕಿತ್ತು, ಅಷ್ಟೇ.

"ಜೋಸ್, ಇಲ್ಲಿ ಮುಟ್ಟು. ಒಂದೇ ಕಲ್ಲು ಕಣೋ. ಅರ್ಧ ಗೋಡೆ, ಅರ್ಧ ಕಿಟಕಿ, ಎರಡನ್ನೂ ಒಂದರಲ್ಲೇ ಕಡೆದವ್ರೆ. ತೂತು ಮುಚ್ಚಿದ್ರೆ ಸಂದಿ ಸಿಗ್ಬೇಕಿತ್ತು. ಇದು ತೇಪೆ ಅಲ್ಲ, ನೇಯುವಾಗ್ಲೇ ಹಿಂಗೆ ನೇಯ್ದಿರೋದು."

"ನಾನು ಹೇಳೋದನ್ನೆಲ್ಲ ಅಕ್ಕಾವ್ರೇ ಹೇಳ್ಬಿಟ್ರು," ಎಂದ ಟ್ರಾಸ್ಕ್.

"ಮತ್ತೆ ಯಾಕೆ ಮಾಡಿದ್ರಂತೆ?"

"ಬೀದಿಗೋಸ್ಕರ ಸ್ವಾಮಿ. ಮೂಲೆಮನೆ ಬೋಳುಗೋಡೆ ಕಂಡ್ರೆ ಸಾಲಿಗೇ ಅವಲಕ್ಷಣ. ಒಳಗೆ ಹೊಗೆ ಹೋಗ್ಲಿ, ಹೊರಗೆ ಕಿಟಕಿ ಕಾಣ್ಲಿ ಅಂತ."

ಜೋಸ್ಲಿನ್ ಮುಖ ನೋಡುವಂತಿರಲಿಲ್ಲ. "ಇಪ್ಪತ್ತೆಂಟು ವರ್ಷ ಆ ರಾಜನ್ನ ಬೈದ್ನಲ್ಲೇ."

"ಪಾಪ, ರಾಜ," ಎಂದಳು ಮೆರಿನ್. ನಗು ಬಂತು, ಅರ್ಧಕ್ಕೇ ನಿಂತಿತು.

ಟ್ರಾಸ್ಕ್ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿ ಹೊರಟುಹೋದ. ಮೆರಿನ್ ನೂಲಿನ ಉಂಡೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಜೋಸ್ಲಿನ್ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಅವನ ಕೋಣೆಯಿಂದ ಏನನ್ನೋ ದರದರ ಎಳೆಯುವ ಸದ್ದು ಕೇಳಿಸಿತು.

ಬೀದಿಯ ಕಡೆಗಿನ ಮುಂದಿನ ಕೋಣೆ ಅವನದು. ಗಂಡುಮಗ ಎಂದು ಅಪ್ಪ ಕೊಟ್ಟದ್ದು, ಎರಡು ದೊಡ್ಡ ಕಿಟಕಿ, ದಿನವಿಡೀ ಉತ್ತರದ ತಿಳಿ ಬೆಳಕು. ಅವನ ಮಂಚ ಬಾಗಿಲಿನವರೆಗೆ ಬಂದು ಸಿಕ್ಕಿಕೊಂಡಿತ್ತು.

"ಏನೋ ಇದು?"

"ನಿದ್ದೆ ಮಾಡೋನಿಗೆ ಕಿಟಕಿ ಯಾಕೆ? ಹಿಡಿ ಆ ಕಡೆ."

ಅವಳು ಹಿಡಿಯಲಿಲ್ಲ. ಸಿಟ್ಟು ಒಮ್ಮೆಗೇ ನೆತ್ತಿಗೇರಿತು. "ಈ ಮಾತು ಹೇಳೋಕೆ ಗೋಡೆ ಒಡೀಬೇಕಿತ್ತೇನೋ?"

"ನೀನೂ ಕೇಳ್ಲಿಲ್ವಲ್ಲೇ." ಅವನು ಮಂಚದ ಕಾಲನ್ನೇ ನೋಡುತ್ತಿದ್ದ. "ನಂಗೆ ತೋಚ್ಲಿಲ್ಲ ಮೆರಿನ್. ದೇವರಾಣೆ ತೋಚ್ಲಿಲ್ಲ. ಬೆಳಕು ರಾಜನ ಹತ್ರ ಇದೆ ಅಂದ್ಕೊಂಡೇ ಇದ್ದೆ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅವಳಿಗೂ ತೋಚಿರಲಿಲ್ಲ. ದುಃಖವಾದದ್ದು ಅದಕ್ಕೇ. ಮಂಚದ ಇನ್ನೊಂದು ತುದಿ ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಚೌಕಟ್ಟು ಎರಡು ಕಿಟಕಿಗಳ ನಡುವೆ ನಿಂತಿತ್ತು. ಮೆರಿನ್ ಮುಸುಕು ತೆಗೆದು ಬಗ್ಗಿ ನೋಡಿದಳು. ಮಾತೆ ಮರಿಯಳ ನಿಲುವಂಗಿಯ ನೀಲಿಯಲ್ಲಿ, ಹೋದ ಚಳಿಗಾಲವೆಲ್ಲ ಬಲ್ಬಿನ ಕೆಳಗೆ ತಾನು ತುಂಬಿದ್ದ ಗೇಣಗಲದ ಜಾಗ ಹಸಿರಾಗಿತ್ತು.

"ಹೆಂಗಿದೆ?" ಎಂದು ಕೇಳಿದ ಜೋಸ್ಲಿನ್ ಬಾಗಿಲಿನಿಂದ.

"ಚೆನ್ನಾಗ್ ಕಾಣ್ತಿದೆ," ಎಂದಳು ಮೆರಿನ್. ಸಣ್ಣ ಕತ್ತರಿ ತೆಗೆದುಕೊಂಡು ಹಸಿರು ನೂಲಿನ ಮೊದಲನೆಯ ಹೊಲಿಗೆಯನ್ನು ಕತ್ತರಿಸಿದಳು.