ದವಾಖಾನೆಯ ದಾರಿ ಬಲ್ಲ ಆಟೋ

ನಾನೊಂದು ಆಟೋರಿಕ್ಷಾ. ಪುಣೆ ಕಡೆಯ ಕಾರ್ಖಾನೆಯಲ್ಲಿ ಹುಟ್ಟಿ, ಲಾರಿಯ ಬೆನ್ನೇರಿ ಹುಬ್ಬಳ್ಳಿಗೆ ಬಂದೆ. ಬಸಲಿಂಗಪ್ಪ ನನ್ನ ಹಣೆಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಮನೆಗೆ ಒಯ್ದ.

ಅವನ ಮಗಳು ಕಸ್ತೂರಿಗೆ ಮೂರ್ಛೆರೋಗ. ಕೈಕಾಲು ಸೆಟೆದು ಬಿದ್ದುಬಿಡುತ್ತಿದ್ದಳು. ತಾಯಿ ಗಿರಿಜವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಸೀಟಿನಲ್ಲಿ ಕೂತರೆ, ಬಸಲಿಂಗಪ್ಪ ಹಾರ್ನ್ ಒತ್ತುತ್ತಲೇ ದವಾಖಾನೆಯ ತುರ್ತು ವಿಭಾಗಕ್ಕೆ ಓಡಿಸುತ್ತಿದ್ದ. ಅಲ್ಲಿ ಇಂಜೆಕ್ಷನ್ ಕೊಟ್ಟು, ಒಂದಿಷ್ಟು ಹೊತ್ತು ಮಲಗಿಸಿ ಕಳಿಸುವರು. ಕೆಲವೇ ದಿನಕ್ಕೆ ಮತ್ತೆ ಅದೇ ಬಾಗಿಲು. ಕಾಲೇಜು ನಿಂತಿತು. ತಾನಿಲ್ಲದಾಗ ಏನಾದೀತೋ ಎಂದು ಬಸಲಿಂಗಪ್ಪ ದೂರದ ಬಾಡಿಗೆ ಒಪ್ಪದಾದ.

ಒಮ್ಮೆ ಹಿಂತಿರುಗುವಾಗ ಕಸ್ತೂರಿ ಮೆಲ್ಲಗೆ ಅಂದಳು: "ಅಪ್ಪಾ, ಒಮ್ಮೆರ ದವಾಖಾನಿ ಬಿಟ್ಟು ಬ್ಯಾರೆ ಕಡೆ ಕರ್ಕೊಂಡು ಹೋಗು."

ಹ್ಯಾಂಡಲ್ ಮೇಲೆ ಬಸಲಿಂಗಪ್ಪನ ಹಿಡಿತ ಬಿಗಿಯಾಯಿತು.

ಕೊನೆಗೊಬ್ಬ ಡಾಕ್ಟರಮ್ಮ, ಮೂರ್ಛೆರೋಗದವರಿಗೆಂದೇ ಇರುವ ವಾರ್ಡಿನಲ್ಲಿ ಕೆಲವು ದಿನ ಇರಲಿ ಎಂದರು. ತಲೆಗೆ ವೈರು ಅಂಟಿಸಿ, ಕ್ಯಾಮೆರಾ ಇಟ್ಟು, ಗುಳಿಗೆ ಕಡಿಮೆ ಮಾಡಿ ಮೂರ್ಛೆ ಬರುವುದನ್ನೇ ಕಾಯುತ್ತಾರಂತೆ.

"ಬರಬಾರದಂತ ಹರಕಿ ಹೊತ್ತೀನಿ. ಈಗ ಬರಲಿ ಅಂತ ಕಾಯೋದೇನ್ರಿ?" ಎಂದಳು ಗಿರಿಜವ್ವ.

ಹೂಂ ಅಂದವಳು ಕಸ್ತೂರಿಯೇ.

ಆ ದಿನಗಳಲ್ಲಿ ಬಸಲಿಂಗಪ್ಪ ಆಸ್ಪತ್ರೆಯೆದುರಿನ ಬೇವಿನಡಿ ನನ್ನನ್ನು ನಿಲ್ಲಿಸಿ, ನನ್ನೊಳಗೇ ಮುದುರಿ ಮಲಗಿದ. ಮೂರ್ಛೆ ಮಿದುಳಿನ ಯಾವ ಮೂಲೆಯಿಂದ ಏಳುತ್ತದೆಂದು ವಾರ್ಡಿನಲ್ಲಿ ತಿಳಿಯಿತು. ಇಷ್ಟು ವರ್ಷ ನುಂಗಿದ ಗುಳಿಗೆ ಅದಕ್ಕೆ ಹೊಂದುವುದಲ್ಲವೆಂದು ಬದಲಿಸಿದರು. ಮೂರ್ಛೆ ಬಂದರೆ ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಇರಬೇಕು, ಬೇಗ ನಿಲ್ಲದಿದ್ದರೆ ಕೂಡಲೇ ಕರೆತರಬೇಕು ಎಂದು ಗಿರಿಜವ್ವನಿಗೆ ಕಲಿಸಿಕೊಟ್ಟರು.

ಬಿಡುಗಡೆಯ ದಿನ ನಾವು ಮನೆಗೆ ಹೋಗಲಿಲ್ಲ, ಉಣಕಲ್ ಕೆರೆಗೆ ಹೋದೆವು. ಮೂವರೂ ದಂಡೆಯ ಮೇಲೆ ಕೂತು ಗಿರ್ಮಿಟ್ ತಿಂದರು. ಬಸಲಿಂಗಪ್ಪ ನೀರನ್ನೇ ನೋಡುತ್ತಾ ಕಣ್ಣೊರೆಸಿಕೊಂಡ.

ಆಮೇಲೂ ಅಪರೂಪಕ್ಕೆ ಮೂರ್ಛೆ ಬಂದದ್ದುಂಟು. ಗಿರಿಜವ್ವ ಮಗಳ ಪಕ್ಕದಲ್ಲಿ ಕೂತಿರುತ್ತಿದ್ದಳು. ನಾನು ಅಂಗಳದಲ್ಲಿ ಕಿವಿ ನಿಮಿರಿಸಿ ನಿಂತಿರುತ್ತಿದ್ದೆ. ಕರೆ ಬರುತ್ತಿರಲಿಲ್ಲ. ಕಸ್ತೂರಿ ಮತ್ತೆ ಕಾಲೇಜಿಗೆ ಹೊರಟಳು, ಗೆಳತಿಯರ ಜೊತೆ ಬಸ್ಸಿನಲ್ಲಿ. ನನ್ನ ಹಿಂದಿನ ಸೀಟಿನಲ್ಲಿ ಯಾರ್ಯಾರೋ ಕೂತರು, ಇಳಿದರು. ಅವಳು ಮಾತ್ರ ಹತ್ತಲಿಲ್ಲ.

ಈಗ ನಾನಿರುವುದು ಗುಜರಿ ಅಂಗಡಿಯಲ್ಲಿ. ಎಂಜಿನ್ ಬಿಚ್ಚಿದ್ದಾರೆ. ಎದುರಿಗೆ ಬಸ್ ಸ್ಟಾಪು. ಒಂದು ಬೆಳಿಗ್ಗೆ ಕಸ್ತೂರಿ ಅಲ್ಲಿ ನಿಂತಿದ್ದಳು, ಒಬ್ಬಳೇ, ಹೆಗಲಿಗೆ ಚೀಲ ಹಾಕಿಕೊಂಡು. ಒಮ್ಮೆ ಇತ್ತ ನೋಡಲಿ ಎಂದು ಜೀವ ಹಾತೊರೆಯಿತು. ಬಸ್ಸು ಬಂತು, ಹತ್ತಿ ಹೋದಳು.

ನನಗೆ ಅವಳು ಬೇಕು, ಇವತ್ತಿಗೂ. ಅವಳಿಗೆ ನಾನು ಬೇಡವಾಗಲಿ ಎಂದೇ ಅಲ್ಲವೇ ಆ ಮನೆ ಅಷ್ಟು ವರ್ಷ ಹಂಬಲಿಸಿದ್ದು?